ಬಾಟಲಿಯೊಳಗಿನ ಜಗಳಗಂಟ

ಮೊದಲು ಹೆಸರಿನಿಂದಲೇ ಜಗಳ ತೆಗೆಯುತ್ತೇನೆ. ಎರಡು ಬೆರಳು ಉದ್ದದ ಒಂದು ಮೀನಿಗೆ ನಾವು ‘ಫೈಟರ್’ ಎಂದು ಹೆಸರಿಟ್ಟಿದ್ದೇವೆ. ಪುಸ್ತಕದಲ್ಲಿ ಅದರ ಹೆಸರು ಬೆಟ್ಟಾ. ‘ಇಷ್ಟ ಸಣ್ಣ ಬೆಟ್ಟಾನ್ರಿ ಅಕ್ಕೋರ?’ ಎಂದು ನಮ್ಮ ಶಾಲೆಯ ಮಕ್ಕಳು ನಗುತ್ತಾರೆ. ಅವರಿಗೆ ಬೆಟ್ಟವೆಂದರೆ ಪಾಠದಲ್ಲಿ ಓದಿದ ಗುಡ್ಡ. ಅದರ ತವರು ಥಾಯ್ಲೆಂಡ್. ಅಲ್ಲಿಯವರು ‘ಪ್ಲಾ ಕಾಟ್’, ಅಂದರೆ ಕಚ್ಚುವ ಮೀನು, ಎನ್ನುತ್ತಾರೆ. 1910ರಲ್ಲಿ ಟೇಟ್ ರೀಗನ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಮಾತ್ರ ಅದರ ಮೈಬಣ್ಣ ನೋಡಿ ‘ಸ್ಪ್ಲೆಂಡೆನ್ಸ್’ ಎಂದು, ಥಳಥಳಿಸುವಂಥದ್ದು ಎಂಬ ಅರ್ಥದಲ್ಲಿ, ಕರೆದ. ಆ ಹೆಸರು ಪುಸ್ತಕದಲ್ಲೇ ಉಳಿಯಿತು. ಪೇಟೆಗೆ ಬಂದದ್ದು ಫೈಟರ್. ಜಗಳಗಂಟನೆಂದು ಪಟ್ಟ ಕಟ್ಟಿ, ಆ ಪಟ್ಟವನ್ನೇ ನೆವ ಮಾಡಿಕೊಂಡು, ಅದನ್ನು ಅಂಗೈಯಗಲದ ಬಾಟಲಿಯಲ್ಲಿ ಕೂಡಿ ಹಾಕಿದ್ದೇವೆ.

ಬೆಳಗಾವಿ, ಧಾರವಾಡದಂಥ ಊರುಗಳ ಮೀನಿನ ಅಂಗಡಿಗೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ದೊಡ್ಡ ಗಾಜಿನ ತೊಟ್ಟಿಗಳಲ್ಲಿ ಉಳಿದ ಮೀನುಗಳು ತಿರುಗಾಡುತ್ತಿರುತ್ತವೆ. ಬಾಗಿಲ ಬಳಿಯ ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಲೋಟಗಳು, ಒಂದೊಂದರಲ್ಲಿ ಒಂದೊಂದು ಬೆಟ್ಟಾ. ಒಂದಕ್ಕೊಂದು ಕಾಣಬಾರದೆಂದು ನಡುವೆ ರಟ್ಟಿನ ತುಂಡು. ಗಿರಾಕಿ ಬಂದಾಗ ರಟ್ಟು ತೆಗೆಯುತ್ತಾರೆ, ಇಲ್ಲವೆ ಕೈಗನ್ನಡಿ ಹಿಡಿಯುತ್ತಾರೆ. ಪಾಪದ್ದು ತನ್ನ ನೆರಳನ್ನೇ ವೈರಿ ಎಂದು ತಿಳಿದು ಕಿವಿರು ಅಗಲಿಸಿ, ರೆಕ್ಕೆಗಳನ್ನೆಲ್ಲ ಬಿಚ್ಚಿ ಗಾಜಿಗೆ ಹಾಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ‘ಇದಕ್ಕ ಜಾಗಾ ಬೇಕಾಗಿಲ್ರಿ ಬಾಯಿಯಾರ, ಲೋಟದಾಗ ಇಟ್ರೂ ನಡೀತೈತಿ. ಒಂಟಿ ಜಾತೀದು. ಇನ್ನೊಂದ ಬಿಟ್ರ ಕೊಂದ ಹಾಕತೈತಿ’ ಎನ್ನುತ್ತಾನೆ ಅಂಗಡಿಯವನು. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಚೆನ್ನಾಗಿ ಮಾರಾಟವಾಗುತ್ತದೆ.

ಈ ಲೋಟದ ಮೀನು ಈಗ ನಮ್ಮ ಎಂ.ಕೆ. ಹುಬ್ಬಳ್ಳಿಯಂಥ ಊರಿಗೂ ಬಂದಿದೆ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಹಿಂದೆ ಪೆನ್ಸಿಲು, ರಬ್ಬರು ಕೊಡುತ್ತಿದ್ದರು. ಕಳೆದ ವರ್ಷ ಒಂದು ಮನೆಯಲ್ಲಿ ಬಂದ ಮಕ್ಕಳಿಗೆಲ್ಲ ಒಂದೊಂದು ಬಾಟಲಿ, ಅದರಲ್ಲೊಂದು ಜೀವಂತ ಮೀನು. ಒಂದು ವಾರದೊಳಗೆ ನನ್ನ ತರಗತಿಯಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ‘ಸತ್ತ ಹೋತ್ರಿ’ ಎಂದು ವರದಿ ಒಪ್ಪಿಸಿದರು. ಒಬ್ಬ ಹುಡುಗನ ಅಜ್ಜಿ ಸಮಾಧಾನ ಹೇಳಿದ್ದಳಂತೆ: ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತನ್ನ ಮೇಲೆ ಹೊತ್ತುಕೊಂಡು ಹೋಯಿತು ಎಂದು. ಈ ನಂಬಿಕೆ ಪೇಟೆಗಳಲ್ಲಿ ವಾಸ್ತುವಿನ ಜೊತೆ ಬಂದದ್ದು. ಎಷ್ಟು ಅನುಕೂಲದ ನಂಬಿಕೆ ನೋಡಿರಿ! ಮೀನು ಬದುಕಿದರೆ ಮನೆಗೆ ಶುಭ, ಸತ್ತರೆ ಇನ್ನೂ ಶುಭ. ಸತ್ತದ್ದಕ್ಕೆ ಕಾರಣ ಕಂಟಕವಲ್ಲ, ಅಮೋನಿಯಾ. ಮೀನು ಉಸಿರಾಡುವ ಕಿವಿರಿನಿಂದಲೂ ಅದರ ಹೊಲಸಿನಿಂದಲೂ, ತಿನ್ನದೆ ಉಳಿದ ಕಾಳು ಕೊಳೆತೂ, ನೀರಿನಲ್ಲಿ ಅಮೋನಿಯಾ ಸೇರುತ್ತ ಹೋಗುತ್ತದೆ. ಹೆಚ್ಚು ನೀರಿದ್ದಲ್ಲಿ ಅದು ತೆಳುವಾಗುತ್ತದೆ. ಅರ್ಧ ಲೀಟರಿನಲ್ಲಿ ಮೀನು ತನ್ನ ವಿಷದಲ್ಲಿ ತಾನೇ ಕುಳಿತಿರುತ್ತದೆ.

ಹಾಗಾದರೆ ಉಳಿದ ಮೀನು ಒಂದು ದಿನ ತಡೆಯದ ನೀರಿನಲ್ಲಿ ಇದು ವಾರ ಹೇಗೆ ತಡೆಯುತ್ತದೆ? ಬೆಟ್ಟಾದ ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ ಇನ್ನೊಂದು ಉಸಿರಾಟದ ಅಂಗವಿದೆ. ಅದರಿಂದಾಗಿ ಅದು ಮೇಲಕ್ಕೆ ಬಂದು ಬಾಯಿ ತೆರೆದು ನೇರವಾಗಿ ಗಾಳಿ ಕುಡಿಯಬಲ್ಲದು. ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ನಿಧಾನ ಹರಿಯುವ ಕಾಲುವೆಗಳು ಅದರ ವಾಸಸ್ಥಾನ. ಬೇಸಿಗೆಯಲ್ಲಿ ಅವು ಬತ್ತಿ ಗುಂಡಿಯಷ್ಟಾದಾಗಲೂ ಅದು ಜೀವ ಹಿಡಿದಿರುತ್ತದೆ. ಇದನ್ನೇ ಹಿಡಿದು ‘ಎಮ್ಮೆಯ ಗೊರಸಿನ ಗುಂಡಿಯಲ್ಲೂ ಬದುಕುವ ಮೀನು’ ಎಂದು ವ್ಯಾಪಾರಿಗಳು ಹೇಳುತ್ತಾರೆ. ಗದ್ದೆಯ ನೀರು ಆಳವಿಲ್ಲ, ನಿಜ. ಆದರೆ ಗದ್ದೆಯ ಅಗಲವೆಷ್ಟು? ಅದನ್ನು ಯಾರೂ ಹೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿ ಬಂದಾಗ ಮುನವಳ್ಳಿ, ರಾಮದುರ್ಗದ ಕಡೆ ಎಷ್ಟೋ ಸಂಸಾರಗಳು ಮನೆ ಬಿಟ್ಟು ಶಾಲೆಯ ಕೋಣೆಗಳಲ್ಲಿ ದಿನ ಕಳೆದವು. ಕೂಸು-ಕುನ್ನಿ, ಮುದುಕರು ಎಲ್ಲ ಒಂದೇ ಕಡೆ. ಹಾಗೆಂದು ‘ಇವರಿಗೆ ಶಾಲೆಯ ಕೋಣೆಯೇ ಸಾಕು, ಮನೆ ಏಕೆ?’ ಎಂದು ಯಾರಾದರೂ ಅಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೆ? ಸಾಯದೆ ಇರುವುದು ಬೇರೆ, ಬದುಕುವುದು ಬೇರೆ. ಆಪತ್ತಿನಲ್ಲಿ ತಡೆದುಕೊಂಡವರಿಗೆ ಆಪತ್ತನ್ನೇ ಕಾಯಂ ವಾಸಸ್ಥಾನ ಮಾಡಿಕೊಡುವುದು ಯಾವ ನ್ಯಾಯ?

ಇನ್ನು ಜಗಳದ ವಿಷಯ. ಗಂಡು ಬೆಟ್ಟಾ ತನ್ನ ಎಲ್ಲೆ ಕಾಯುವ ಮೀನು, ಅಲ್ಲವೆನ್ನುವುದಿಲ್ಲ. ಅದಕ್ಕೊಂದು ಕಾರಣವೂ ಇದೆ. ನಮ್ಮ ಹೆಣ್ಣುಮಕ್ಕಳಿಗೆ ಹೇಳಲೇಬೇಕಾದದ್ದು. ಈ ಜಾತಿಯಲ್ಲಿ ಬಾಣಂತನ ಗಂಡಿನದು. ಗಂಡು ಬಾಯಿಂದ ಗುಳ್ಳೆ ಬಿಟ್ಟು, ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ. ಹೆಣ್ಣು ಇಟ್ಟ ತತ್ತಿಗಳನ್ನು ಬಾಯಲ್ಲಿ ಹಿಡಿದು ಒಂದೊಂದಾಗಿ ಗೂಡಿಗೆ ಸೇರಿಸುತ್ತದೆ, ಜಾರಿ ಬಿದ್ದರೆ ಮತ್ತೆ ಎತ್ತಿ ಇಡುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬಂದು, ತಾವಾಗಿ ಈಜುವ ತನಕ ಕಾವಲು ಬಿಡುವುದಿಲ್ಲ. ಹೆಣ್ಣನ್ನು ಕೂಡ ಹತ್ತಿರ ಬಿಟ್ಟುಕೊಡುವುದಿಲ್ಲ, ತತ್ತಿ ತಿಂದೀತೆಂಬ ಹೆದರಿಕೆ. ಇಂಥ ತಂದೆ ತನ್ನ ಗೂಡಿನ ಹತ್ತಿರ ಇನ್ನೊಂದು ಗಂಡು ಬಂದರೆ ಸಿಟ್ಟಾಗುವುದರಲ್ಲಿ ಏನು ತಪ್ಪು?

ಗದ್ದೆಯಲ್ಲಿ ಎರಡು ಗಂಡುಗಳು ಎದುರಾದರೆ ಮೊದಲು ಕಿವಿರು ಅಗಲಿಸಿ ಹೆದರಿಸುತ್ತವೆ. ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಕಚ್ಚಾಟವಾದರೂ ಸೋತದ್ದು ರೆಕ್ಕೆ ಮಡಚಿ, ಬಣ್ಣ ಕುಂದಿಸಿಕೊಂಡು ಓಡಿ ಹೋಗುತ್ತದೆ. ಗೆದ್ದದ್ದು ಬೆನ್ನಟ್ಟಿ ಕೊಲ್ಲಲು ಹೋಗುವುದಿಲ್ಲ. ಅದಕ್ಕೆ ಗೂಡಿನ ಚಿಂತೆ. ಓಡಿ ಹೋಗಲು ಜಾಗವಿರುವುದರಿಂದ ಎರಡೂ ಬದುಕುತ್ತವೆ. ಜಾಡಿಯಲ್ಲಿ ಸೋತ ಮೀನು ಎಲ್ಲಿಗೆ ಓಡಬೇಕು? ಗಾಜು ಅಡ್ಡ ಬರುತ್ತದೆ. ಗೆದ್ದ ಮೀನಿನ ಕಣ್ಣಿಗೆ ಅದು ಇನ್ನೂ ಎದುರು ನಿಂತಂತೆಯೇ ಕಾಣುತ್ತದೆ, ಮತ್ತೆ ಕಚ್ಚುತ್ತದೆ. ಹೀಗೆ ಸತ್ತ ಮೀನನ್ನು ತೋರಿಸಿ ‘ನೋಡ್ರಿ, ಇದರ ಜಾತಿನ ಹಂಗ’ ಎನ್ನುತ್ತೇವೆ. ಇದರ ಮೇಲೆ ಥಾಯ್ಲೆಂಡಿನಲ್ಲಿ ತಲೆತಲಾಂತರದಿಂದ ಪಣ ಕಟ್ಟಿ ಕಾದಾಡಿಸುವ ಜೂಜು ನಡೆದುಬಂತು. ಸಿಟ್ಟಿನ ಮೀನನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು. ಸಾವಿರ ವರ್ಷಕ್ಕೂ ಹಿಂದಿನಿಂದ ಮನುಷ್ಯ ಇದನ್ನು ಸಾಕಿದ್ದಾನೆಂದು 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ತೋರಿಸಿದೆ. ಅದೇ ಥಾಯ್ಲೆಂಡ್ 2019ರಲ್ಲಿ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಮನುಷ್ಯನ ಪ್ರೀತಿಯೂ ಒಂದು ವಿಚಿತ್ರವೇ.

‘ಎರಡು ಜಡೆ ಒಂದು ಕಡೆ ಕೂಡುವುದಿಲ್ಲ’ ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬೆಳೆದವರು. ಗಂಡಸರು ನಗುತ್ತ ಹೇಳುತ್ತಾರೆ, ಹೆಂಗಸರೂ ನಗುತ್ತ ಒಪ್ಪುತ್ತಾರೆ. ಎಂಟು ಅಡಿ ಅಡುಗೆಮನೆ, ಒಂದೇ ಒಲೆ, ಒಂದೇ ಬಚ್ಚಲು, ಕೈಯಲ್ಲಿ ಕಾಸಿಲ್ಲ, ಸಿಟ್ಟು ಬಂದರೆ ಹೋಗಿ ಕೂಡಲು ಒಂದು ಕೋಣೆಯಿಲ್ಲ. ಅತ್ತೆ-ಸೊಸೆ, ನೆಗೆಣ್ಣಿ-ನೆಗೆಣ್ಣಿಯರನ್ನು ಅಲ್ಲಿ ನಿಲ್ಲಿಸಿ, ಯಾರ ಕೈ ರುಚಿ ಹೆಚ್ಚೆಂದು ನಡುವೆ ಕನ್ನಡಿ ಹಿಡಿದು, ಮಾತಿಗೆ ಮಾತು ಬೆಳೆದಾಗ ‘ಹೆಣ್ಣಿನ ಜಾತಿನ ಹಂಗ’ ಎನ್ನುವವನಿಗೂ ಆ ಅಂಗಡಿಯವನಿಗೂ ಏನು ವ್ಯತ್ಯಾಸ? ನಮ್ಮೂರ ಹೊಳೆಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಬಸವಣ್ಣನವರ ಇನ್ನೊಬ್ಬ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳ ದೂರದ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿ. ಲೋಕದ ಲೆಕ್ಕದಲ್ಲಿ ಸವತಿಯರು. ಇಬ್ಬರೂ ವಚನ ಬರೆದವರು. ಕಲ್ಯಾಣದ ಮಹಾಮನೆಯಲ್ಲಿ ದಾಸೋಹಕ್ಕೂ ಮಾತಿಗೂ ವಚನಕ್ಕೂ ಸ್ಥಳವಿತ್ತು. ಅಲ್ಲಿ ಎರಡು ಜಡೆ ಕೂಡಿದ್ದನ್ನು ಗಾದೆ ಕಟ್ಟಿದವರು ಲೆಕ್ಕಕ್ಕೇ ಹಿಡಿಯಲಿಲ್ಲ. ಇರಲಿ, ಮೀನಿಗೆ ಬರುತ್ತೇನೆ.

ಮೀನು ಸಾಕಲೇಬೇಕು ಎನ್ನುವವರು ಮೊದಲು ಮನೆ ಕಟ್ಟಿ, ಆಮೇಲೆ ಮೀನು ತನ್ನಿರಿ. ಬಾಟಲಿಯ ಮೀನು ಈಗಾಗಲೇ ಮನೆಯಲ್ಲಿದ್ದರೆ ಇಂದೇ ಅದರ ವರ್ಗಾವಣೆಗೆ ಸಿದ್ಧತೆ ಮಾಡಿರಿ. ಒಂದೇ ಬೆಟ್ಟಾ ಇರುವುದಾದರೆ ಕನಿಷ್ಠ 20 ಲೀಟರ್ ನೀರು ಬೇಕು. ನಮ್ಮ ಪ್ಲಾಸ್ಟಿಕ್ ಕೊಡಗಳ ಲೆಕ್ಕದಲ್ಲಿ ಒಂದೂವರೆ ಕೊಡ. ಜೊತೆಗೆ ಬೇರೆ ಮೀನು ಬಿಡುವ ಆಸೆಯಿದ್ದರೆ ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿಗಿಂತ ಕಡಿಮೆಯದು ಬೇಡ. ಅದರಲ್ಲಿ ಸುಮಾರು 50 ಲೀಟರ್ ಹಿಡಿಯುತ್ತದೆ. ಗಾಜು, ಮರಳು ಸೇರಿ ಅರವತ್ತು ಕೆ.ಜಿ. ಮೀರುವುದರಿಂದ ಟಿ.ವಿ. ಮೇಜಿನ ಮೇಲೆ ಇಡಬೇಡಿ. ಕಡಪಾ ಕಲ್ಲಿನ ಕಟ್ಟೆ ಒಳ್ಳೆಯದು. ಎತ್ತರಕ್ಕಿಂತ ಉದ್ದ ಮುಖ್ಯ. ಮೇಲೆ ಮುಚ್ಚಳ ಬೇಕೇ ಬೇಕು, ಇದು ಹಾರುವ ಮೀನು. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು-ಮೂರು ಬೆರಳು ಗಾಳಿಗೆ ಜಾಗ ಬಿಡಿರಿ. ಫಿಲ್ಟರಿನ ನೀರು ರಭಸವಾಗಿ ಬೀಳಬಾರದು. ಅಷ್ಟುದ್ದದ ಸೆರಗು ಹೊತ್ತು ಹೊಳೆಯ ಸೆಳವಿಗೆ ಎದುರಾಗಿ ಈಜಲು ಯಾರಿಗಾದರೂ ಆಗುತ್ತದೆಯೆ?

ಫಿಲ್ಟರಿನ ಕೆಲಸ ಕಸ ಹಿಡಿಯುವುದಷ್ಟೇ ಅಲ್ಲ. ಅದರ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ನೆಲೆಸುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ, ಇದು ಅಷ್ಟು ಕೆಟ್ಟದ್ದಲ್ಲ. ಈ ಸಂಸಾರ ಕೂಡಿ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ತಿಳಿಯಿರಿ. ಹಳೆಯ ತೊಟ್ಟಿ ಇರುವ ಗೆಳತಿಯ ಮನೆಯಿಂದ ಬಳಸಿದ ಸ್ಪಂಜಿನ ಒಂದು ತುಂಡು ತಂದು ಹಾಕಿದರೆ ಬೇಗ ‘ಹೆಪ್ಪಾಗುತ್ತದೆ’. ನಾವು ಮಾಡುವ ಮೊದಲ ಕೆಲಸವೇನು? ದೀಪಾವಳಿಯ ಪಾತ್ರೆ ತೊಳೆದಂತೆ ಎಲ್ಲ ನೀರು ಚೆಲ್ಲಿ, ಸ್ಪಂಜನ್ನು ನಳದ ಕೆಳಗೆ ಹಿಡಿದು, ಮರಳನ್ನು ಬಿಳುಪಾಗುವ ತನಕ ಉಜ್ಜುವುದು. ಹೆಪ್ಪಿನ ಗಡಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮೊಸರು ಏಕೆ ಆಗಲಿಲ್ಲವೆಂದು ಕೇಳಿದಂತಾಯಿತು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿರಿ, ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಅದ್ದಿ ಹಿಂಡಿರಿ, ಸಾಕು. ನಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು-ರಾತ್ರಿ ಇಟ್ಟು ಹಾಕಿರಿ, ಇಲ್ಲವೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಬಳಸಿರಿ.

ನೀರು 24ರಿಂದ 28 ಡಿಗ್ರಿ ಇರಬೇಕು. ನಮ್ಮ ಬೆಳಗಾವಿ ಸೀಮೆಯಲ್ಲಿ ಸಂಕ್ರಾಂತಿಗೆ ಮುಂಚಿನ ರಾತ್ರಿಗಳಲ್ಲಿ ನಾವೇ ಎರಡು ಚಾದರ ಹೊದೆಯುತ್ತೇವೆ. ಕಿಟಕಿಯಲ್ಲಿಟ್ಟ ಬಾಟಲಿಯ ನೀರು ಬೆಳಗಾಗುವುದರೊಳಗೆ ಬಾವಿಯ ನೀರಿಗಿಂತ ತಣ್ಣಗಾಗಿರುತ್ತದೆ. ಮೀನು ತಳದಲ್ಲಿ ಮುದುಡಿ ಬಿದ್ದಿದ್ದನ್ನು ನೋಡಿ ‘ಸೋಮಾರಿ’ ಎನ್ನುತ್ತಾರೆ! 50 ಲೀಟರಿಗೆ 50 ವ್ಯಾಟಿನ ಹೀಟರ್ ಸಾಕು. ಕರೆಂಟು ಹೋದರೂ ದೊಡ್ಡ ತೊಟ್ಟಿ ಬೇಗ ತಣ್ಣಗಾಗುವುದಿಲ್ಲ. ದೊಡ್ಡ ಮನೆಯ ಇನ್ನೊಂದು ಲಾಭ ಇದು.

ಸ್ಥಳಾಂತರದ ದಿನ ಮೀನನ್ನು ಹಳೆಯ ನೀರಿನೊಡನೆ ಚೀಲದಲ್ಲಿ ಹಾಕಿ, ಬಾಯಿ ಪೂರ್ತಿ ಬಿಗಿಯದೆ, ಹೊಸ ತೊಟ್ಟಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೇಲಬಿಡಿರಿ. ಆಮೇಲೆ ಐದೈದು ನಿಮಿಷಕ್ಕೆ ಒಂದು ಚಹದ ಕಪ್ಪು ಹೊಸ ನೀರು ಚೀಲಕ್ಕೆ ಸೇರಿಸುತ್ತ ಹೋಗಿರಿ. ಒಂದು ತಾಸಿನ ಮೇಲೆ ಮೀನನ್ನಷ್ಟೇ ಬಿಡಿರಿ, ಚೀಲದ ನೀರು ಬೇಡ. ಅಂದು ದೀಪ ಹಚ್ಚಬೇಡಿ. ಒಂದೆರಡು ದಿನ ಅದು ಎಲೆಯ ಮರೆಯಲ್ಲಿ ಅಡಗಿ ಕೂತರೆ, ಊಟ ಬಿಟ್ಟರೆ, ಗಾಜು ಬಡಿದು ಕರೆಯಬೇಡಿ. ಹೊಸದಾಗಿ ಬಂದ ಸೊಸೆಯನ್ನು ಓಣಿಯವರೆಲ್ಲ ಬಂದು ನೋಡಿ ‘ಮಾತಾಡೂದಿಲ್ಲಲ್ಲ’ ಅನ್ನುವುದು ನೆನಪಿರಲಿ.

ಮೊನ್ನೆ ಪರಿಚಯದ ಒಬ್ಬರು ತೊಟ್ಟಿ ತಂದರು. ಸಂತೋಷ. ಮರುದಿನವೇ ಫೋನು: ‘ಪಾಪ, ಒಂದ ಐತ್ರಿ. ಜೋಡಿಗೆ ಏನ ಬಿಡೋಣ?’ ಒಂಟಿಯಾಗಿ ಇರುವುದೆಲ್ಲ ನಮ್ಮ ಜನರಿಗೆ ‘ಪಾಪ’ವೇ. ಮೀನಾಗಲಿ, ಮನುಷ್ಯರಾಗಲಿ, ಒಂಟಿ ಕಂಡರೆ ಜೋಡಿ ಮಾಡದೆ ನಿದ್ದೆ ಬರುವುದಿಲ್ಲ. ಬೆಟ್ಟಾಗೆ ಒಂಟಿತನದ ದುಃಖವಿಲ್ಲ. ಸಾಕಷ್ಟು ಜಾಗ, ಗಿಡದ ಮರೆ, ಬೆಚ್ಚಗಿನ ನೀರು ಇದ್ದರೆ ಅದು ತನ್ನ ರಾಜ್ಯದಲ್ಲಿ ತಾನು ಸುಖವಾಗಿರುತ್ತದೆ. ಜೊತೆ ಬೇಕಾದದ್ದು ನಮ್ಮ ಕಣ್ಣಿಗೆ. ಇಷ್ಟನ್ನು ಒಪ್ಪಿಕೊಂಡ ಮೇಲೆಯೇ ಜೊತೆಯ ಮಾತು.

ಜೊತೆ ಆರಿಸುವಾಗ ನಮ್ಮ ಕಣ್ಣಿನ ಚೆಂದವಲ್ಲ, ಬೆಟ್ಟಾದ ಕಣ್ಣಿನ ತಾಪತ್ರಯ ನೋಡಬೇಕು. ಉದ್ದ ಬಾಲದ, ಬಣ್ಣದ ಗಂಡು ಗಪ್ಪಿಯನ್ನು ಅದು ಇನ್ನೊಂದು ಬೆಟ್ಟಾ ಎಂದೇ ತಿಳಿಯುತ್ತದೆ. ಗೌರಾಮಿ ಹತ್ತಿರದ ಸಂಬಂಧಿಕ. ದಾಯಾದಿಗಳ ಜಗಳ ಬೇಡ. ಟೈಗರ್ ಬಾರ್ಬ್ ಮೆಲ್ಲಗೆ ಹಿಂದಿನಿಂದ ಬಂದು ಬೆಟ್ಟಾದ ಸೆರಗನ್ನೇ ಕಚ್ಚಿ ಹರಿಯುತ್ತದೆ. ಇಲ್ಲಿ ಫೈಟರ್ ಯಾರು, ಪಾಪದವನು ಯಾರು? ಗೋಲ್ಡ್ ಫಿಶ್ ತಂಪು ನೀರಿನದು, ತಿನ್ನುವುದೂ ಹೊಲಸು ಮಾಡುವುದೂ ಬಹಳ. ಇನ್ನೊಂದು ಹೆಣ್ಣು ಬೆಟ್ಟಾವನ್ನು ‘ಹೆಂಡತಿ’ ಎಂದು ತಂದು ಬಿಡಬೇಡಿ. ಮರಿ ಮಾಡಿಸುವವರೂ ಅವನ್ನು ಸ್ವಲ್ಪ ಹೊತ್ತಷ್ಟೇ ಕೂಡಿಸಿ ಬೇರೆ ಮಾಡುತ್ತಾರೆ. ಹೊಂದುವುದು ಬೇರೆ ಮಹಡಿಯ ನಿವಾಸಿಗಳು. ಬೆಟ್ಟಾ ಮೇಲಿನ ಅಂತಸ್ತಿನಲ್ಲಿ ತಿರುಗುವ ಮೀನು. ತಳದ ಮರಳಿನಲ್ಲಿ ಮೂತಿ ಇಟ್ಟು ಕಾಳು ಹೆಕ್ಕುವ ಕೋರಿಡೋರಸ್ ಅದರ ತಂಟೆಗೆ ಹೋಗುವುದಿಲ್ಲ. ಆದರೆ ಅವು ಗುಂಪಿನ ಜಾತಿ; ಸಣ್ಣ ತಳಿಯ ಆರಾದರೂ ಇರಬೇಕು, ಒಂದೇ ಒಂದು ತಂದರೆ ನಿಜಕ್ಕೂ ‘ಪಾಪ’ ಎನ್ನಬೇಕಾದದ್ದು ಅದಕ್ಕೆ. ರಾತ್ರಿ ಹೊರಬರುವ ಕೂಲಿ ಲೋಚ್, ಗಾಜಿನ ಪಾಚಿ ತಿನ್ನುವ ನೆರೈಟ್ ಬಸವನಹುಳು, ಇವೂ ನಡೆಯುತ್ತವೆ. 50 ಲೀಟರಿನಲ್ಲಿ ಇವೆಲ್ಲವನ್ನೂ ಒಟ್ಟಿಗೆ ತುಂಬಬೇಡಿ, ಒಂದು ಬಗೆ ಆರಿಸಿರಿ. ಸಾಧ್ಯವಾದರೆ ಜೊತೆಯವನ್ನು ಮೊದಲು ಬಿಟ್ಟು ಬೆಟ್ಟಾವನ್ನು ಕೊನೆಗೆ ತನ್ನಿರಿ. ಬೆಟ್ಟಾ ಮೊದಲೇ ಇದ್ದರೆ ಗಿಡ-ಕಲ್ಲುಗಳ ಜಾಗ ಬದಲಿಸಿ, ಅದಕ್ಕೂ ಮನೆ ಹೊಸದೆನಿಸಿದ ಮೇಲೆ ಬಿಡಿರಿ. ಎರಡು-ಮೂರು ವಾರ ಕಣ್ಣಿಟ್ಟಿರಿ. ಕೆಲವು ಬೆಟ್ಟಾಗಳು ಯಾರನ್ನೂ ಒಪ್ಪುವುದಿಲ್ಲ. ಹಾಗಾದರೆ ಅದು ಒಂಟಿಯಾಗಿಯೇ ಇರಲಿ, ಆದರೆ ಬಾಟಲಿಗೆ ವಾಪಸು ಬೇಡ. ಒಂಟಿಯಾಗಿ ಇರುವವರಿಗೂ ಪೂರ್ತಿ ಮನೆ ಬೇಕು.

ಇಷ್ಟಕ್ಕೆ ಇಬ್ಬರು ಆಕ್ಷೇಪ ತೆಗೆಯುತ್ತಾರೆ. ಮೀನು ತಿನ್ನುವ ಲೋಕದಲ್ಲಿ ಒಂದು ಮೀನಿಗೆ ಇಷ್ಟು ಉಪಚಾರವೇ ಎಂದು ಒಬ್ಬರು. ತಿನ್ನುವವನಿಗೆ ಹಸಿವಿನ ನೆಪವಾದರೂ ಇದೆ, ತಿಂಗಳುಗಟ್ಟಲೆ ಹಿಂಸೆಯನ್ನು ಅಲಂಕಾರವೆಂದು ಇಟ್ಟುಕೊಂಡವರಿಗೆ ಯಾವ ನೆಪ? 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಪ್ರಾಣಿಯೆಂದರೆ ಮನುಷ್ಯನ ಹೊರತು ಪ್ರತಿಯೊಂದು ಜೀವಿ. ಓಡಾಡಲು ತಕ್ಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲೋ ಪಾತ್ರೆಯಲ್ಲೋ ಇಡುವುದು ಅದರ 11ನೆಯ ಕಲಮಿನಡಿ ಅಪರಾಧ. ಮೋಜಿಗಾಗಿ ಪ್ರಾಣಿಗಳನ್ನು ಕಾದಾಡಲು ಕೆಣಕುವುದೂ ಅದೇ ಕಲಮಿನಲ್ಲಿದೆ. ಇಟಲಿಯ ರೋಮ್ ನಗರ 2005ರಲ್ಲೇ ಗುಂಡು ಬುರುಡೆಯಲ್ಲಿ ಮೀನಿಡುವುದನ್ನು ನಿಷೇಧಿಸಿತು. ನಮ್ಮ ಕಾಯ್ದೆ ಅದಕ್ಕಿಂತ 45 ವರ್ಷ ಹಿರಿಯದು; ಲೋಟ ಮಾತ್ರ ಹಲಗೆಯ ಮೇಲೆ ಹಾಗೇ ಇದೆ.

ಇನ್ನೊಬ್ಬರು ಕೇಳುವುದು, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ತೊಟ್ಟಿಗೆ ಜಾಗವೆಲ್ಲಿ, ಅಷ್ಟು ಹಣವೆಲ್ಲಿ ಎಂದು. ಈ ಪ್ರಶ್ನೆಗೆ ನನ್ನಲ್ಲಿ ಗೌರವವಿದೆ. ಜಾಗವಿಲ್ಲದಿದ್ದರೆ ಸಾಕಬೇಡಿ. ಮೀನು ಸಾಕದ ಮನೆಗೆ ಯಾವ ಕೊರತೆಯೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೊಳೆಯ ದಡಕ್ಕೆ ಹೋಗಿ ಒಂದು ಹಿಡಿ ಚುರುಮುರಿ ಎಸೆಯಿರಿ. ಎಷ್ಟು ಮೀನು ಬೇಕು ನಿಮಗೆ?

ಹೊಳೆ ಎಂದ ಕೂಡಲೇ ನೆನಪಾಯಿತು. ಜೊತೆ ಹೊಂದದಿದ್ದಾಗ ಎಷ್ಟೋ ಜನ ಪುಣ್ಯದ ಕೆಲಸವೆಂದು ಮೀನನ್ನು ಮಲಪ್ರಭೆಗೆ ಬಿಟ್ಟು ಬರುತ್ತಾರೆ. ಅದು ಪುಣ್ಯವಲ್ಲ. ‘ಗಾಜು ಒರೆಸುತ್ತೈತಿ’ ಎಂದು ಅಂಗಡಿಯವರು ಬೆಟ್ಟಾದ ಜೊತೆಗೆ ಕೊಡುವ ಸಕ್ಕರ್ ಮೀನು ಕೈಬೆರಳಿನಷ್ಟು ಇದ್ದದ್ದು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಹೀಗೆ ತೊಟ್ಟಿಯಿಂದ ಹೊರಬಿದ್ದ ಸಕ್ಕರ್ ಕೇರಳ, ಆಂಧ್ರ, ತಮಿಳುನಾಡಿನ ಕೆರೆ-ಹೊಳೆಗಳಲ್ಲಿ ಹೆಚ್ಚಿ, ಮೀನುಗಾರರ ಬಲೆ ಹರಿಯುತ್ತಿದೆ. ಕನಕುಂಬಿಯಿಂದ ಕೂಡಲಸಂಗಮದವರೆಗೆ ಹರಿಯುವ ನಮ್ಮ ಹೊಳೆಗೆ ಅದರದೇ ಮೀನುಗಳಿವೆ, ಪರದೇಶದವು ಬೇಡ. ಹೊಂದದ ಮೀನನ್ನು ತೊಟ್ಟಿ ಇರುವ ಯಾರಿಗಾದರೂ ಕೊಡಿರಿ, ಇಲ್ಲವೆ ತಂದ ಅಂಗಡಿಗೇ ಮುಟ್ಟಿಸಿರಿ. ಹಣ ಹಿಂದಕ್ಕೆ ಬರಲಿಕ್ಕಿಲ್ಲ, ಮೀನನ್ನು ಮಾತ್ರ ಬಹಳ ಮಾಡಿ ಇಟ್ಟುಕೊಳ್ಳುತ್ತಾರೆ. ಮುಚ್ಚಳದ ಡಬ್ಬಿಯಲ್ಲಿ ಅರ್ಧ ನೀರು, ಅರ್ಧ ಗಾಳಿ ಇರಲಿ. ಬಸ್ಸಿನಲ್ಲಿ ಕಿಟಕಿಯ ಬಿಸಿಲಿಗೆ ಹಿಡಿಯಬೇಡಿ, ತೊಡೆಯ ಮೇಲೆ ಸೆರಗು ಮುಚ್ಚಿ ಇಟ್ಟುಕೊಳ್ಳಿರಿ.